ಕಿಸೆ ಗಡಿಯಾರ, ಕಿಸೆ ಇಲ್ಲದ ಸೀರೆ

ಮನೆಯಲ್ಲಿ ಒಂದು ವಸ್ತು ಹಳೆಯದಾಯಿತೆಂದರೆ ಸಾಕು, ಮನೆಮಂದಿಗೆಲ್ಲ ಹೊಸ ಹೊಸ ಬುದ್ಧಿ ಬರತೊಡಗುತ್ತದೆ. ನಮ್ಮಲ್ಲಿ ಅದು ಮೊದಲು ಹೊಲಿಗೆ ಯಂತ್ರದ ವಿಷಯಕ್ಕೆ ಬಂತು, ಆಮೇಲೆ ರೇಡಿಯೋದ ವಿಷಯಕ್ಕೆ ಬಂತು, ಕೊನೆಗೆ ನನ್ನ ಗಡಿಯಾರದ ಬುಡಕ್ಕೇ ಬಂತು. ಅದನ್ನು ಬರೆಯುತ್ತಿದ್ದೇನೆ. ಬರೆದದ್ದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ನಮ್ಮ ಮನೆಯವರು ಹೇಳುವುದು ಖಂಡಿತ. ಆದರೆ ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುವವಳು ನಾನು. ನನ್ನ ನೆನಪಿನ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಅವರ ನೆನಪಿನ ಮೇಲಂತೂ ಮೊದಲಿನಿಂದಲೂ ಇಲ್ಲ.

ಗಡಿಯಾರ ನನ್ನ ತಂದೆಯದು. ಅವರು ಮುಂಬಯಿ ಸರಕಾರದ ಕಾಲದಲ್ಲಿ ಮಾಮಲೇದಾರರಾಗಿದ್ದವರು. ಮುಂಬಯಿಯಿಂದಲೇ ತರಿಸಿದ ಬಂಗಾರದ ಸ್ವಿಸ್ ಕಿಸೆ ಗಡಿಯಾರ. ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಬಳ್ಳಿಯ ಕೆತ್ತನೆ, ಜೊತೆಗೆ ಉದ್ದನೆಯ ಸರಪಳಿ. ಧಾರವಾಡದಲ್ಲಿ ನನ್ನ ಬಿ.ಎ. ಫಲಿತಾಂಶ ಬಂದ ದಿನ ಅವರು ಅದನ್ನು ತಮ್ಮ ಕೋಟಿನ ಕಿಸೆಯಿಂದ ತೆಗೆದು ನನ್ನ ಅಂಗೈಯಲ್ಲಿ ಇಟ್ಟು, “ಗಂಡಮಕ್ಕಳಿಗೆ ಹೊಲ ಐತಿ. ನಿನಗ ಇದು” ಎಂದರು. ನಮ್ಮ ಮನೆತನದಲ್ಲಿ ಬಿ.ಎ. ಆದ ಮೊದಲ ಹೆಣ್ಣು ನಾನು. ಈ ಮಾತನ್ನು ನಾನು ಸಂದರ್ಭವಿಲ್ಲದೆಯೂ ಹೇಳುತ್ತೇನೆಂದು ಮನೆಯಲ್ಲಿ ದೂರಿದೆ. ಇರಲಿ, ಇಲ್ಲಿ ಸಂದರ್ಭವಿದೆ.

ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ನಮ್ಮ ಮನೆಯವರು ಅರಳೆ ದಲಾಲರು, ಹತ್ತಿಯ ವ್ಯಾಪಾರ ಕುದುರಿಸಿ ಕೊಡುವವರು. ಮಕ್ಕಳು ದೊಡ್ಡವರಾಗುವವರೆಗೆ ಗಡಿಯಾರ ಟ್ರಂಕಿನಲ್ಲಿ ರೇಷ್ಮೆ ಬಟ್ಟೆಯಲ್ಲಿ ಮಲಗಿತ್ತು. ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿ ಒಂದೇ ಊರು ಮಾಡುವ ಗಡಿಬಿಡಿ ನಡೆದ ಕಾಲಕ್ಕೆ ನನಗೆ ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿ ಬರಬೇಕು, ಪಾಠದ ವೇಳೆ ನೋಡಿಕೊಳ್ಳಬೇಕು. ಟ್ರಂಕು ತೆರೆದೆ. ಗಡಿಯಾರಕ್ಕೆ ಕೀಲಿ ಕೊಟ್ಟರೆ ನಿನ್ನೆ ಮೊನ್ನೆ ನಿಂತದ್ದರ ಹಾಗೆ ಟಿಕ್ ಟಿಕ್ ಎಂದು ಓಡತೊಡಗಿತು. ತೊಂದರೆ ಒಂದೇ. ಅದು ಕಿಸೆ ಗಡಿಯಾರ. ಸೀರೆಗೆ ಕಿಸೆ ಇಲ್ಲ.

ಅತ್ತೆಯವರ ತೀರ್ಪು

“ಇದರಾಗ ಏನ್ ವಿಚಾರ ಮಾಡೂದೈತಿ?” ಎಂದರು ನಮ್ಮ ಮನೆಯವರು, ಅಂಗಳದಲ್ಲಿ ಚಹಾ ಕುಡಿಯುತ್ತ. “ದುರ್ಗದಬೈಲಿನಾಗ ನಮ್ಮ ಗೆಳ್ಯಾನ ಗಡಿಯಾರದ ಅಂಗಡಿ ಐತಿ. ಹಳೇದು ಕೊಟ್ಟು ಹೊಸಾ ಲೇಡೀಸ್ ಗಡಿಯಾರ ತಗೋ. ಮುಂಗೈಗೆ ಬಳಿ ಹಂಗ ಛಂದ ಕಾಣತೈತಿ.”

“ಇದು ನಮ್ಮ ಅಪ್ಪಂದ್ರಿ. ಕೊಡೂದಿಲ್ಲ. ಇದನ್ನ ಹಾಕ್ಕೊಳ್ಳೂ ಹಂಗ ಮಾಡಸ್ತೀನಿ.”

“ಎತ್ತಿನ ಗಾಡಿಗಿ ಮೋಟರ್ ಗಾಲಿ ಹಚ್ಚಿಧಂಗ ಆಕ್ಕೈತಿ. ಹಳೇದನ್ನ ಕೊಟ್ಟು ಹೊಸಾದು ತಗೊಳ್ಳೂದ ಶಾಣ್ಯಾತನ.”

ಪಡಸಾಲೆಯ ತೂಗುಮಂಚದ ಮೇಲೆ ಅತ್ತೆಯವರು ಬತ್ತಿ ಹೊಸೆಯುತ್ತಿದ್ದರು. ಅವರಿಗೆ ನನ್ನ ನೌಕರಿ ಅಷ್ಟಾಗಿ ಸೇರಿರಲಿಲ್ಲ, ಗಡಿಯಾರವೂ ಸೇರಿರಲಿಲ್ಲ. ಆದ್ದರಿಂದ ನಾನು ಅವರಿಂದ ಸಹಾಯ ನಿರೀಕ್ಷಿಸಿರಲಿಲ್ಲ. ಅವರು ಬತ್ತಿಯ ತಟ್ಟೆ ಕೆಳಗಿಟ್ಟು ಮಗನನ್ನು ಕರೆದರು.

“ಹಳೇದು ಕೊಟ್ರ ಹೊಸಾದು ಕೊಡತಾನೇನಪಾ ಆ ಅಂಗಡ್ಯಾಂವ?”

“ಹೂಂ ಯವ್ವಾ.”

“ಹಂಗಾರ ನನ್ನೂ ಒಯ್ದು ಕೊಡು. ನಿನ್ನ ಹೇಣತಿಗಿ ಒಬ್ಬಾಕಿ ಹೊಸಾ ಅತ್ತಿ ಬರಲಿ. ಮಣಕಾಲು ನೋಯಲಾರದಾಕಿ, ಬಿ.ಎ. ಆದಾಕಿ.”

ಆ ದಿನ ಚಹಾ ಅಷ್ಟಕ್ಕೇ ಮುಗಿಯಿತು. ಆದರೆ ಎದ್ದು ಹೋಗುವಾಗ ನಮ್ಮ ಮನೆಯವರು ದಲಾಲರ ಗತ್ತಿನಲ್ಲಿ ಒಂದು ಕರಾರು ಹಾಕಿದರು. ದೀಪಾವಳಿ ಪಾಡ್ಯದೊಳಗೆ ನಾನು ಆ ಗಡಿಯಾರವನ್ನು ಮೈಮೇಲೆ ಹಾಕಿಕೊಂಡು ನಾಲ್ಕು ಜನರ ನಡುವೆ ನಗೆಗೀಡಾಗದೆ ತಿರುಗಾಡುವಂತೆ ಮಾಡಿಸಿಕೊಂಡರೆ ನನ್ನ ಗೆಲುವು. ಇಲ್ಲವಾದರೆ ಪಾಡ್ಯದ ದಿನ ಅದನ್ನು ಅಂಗಡಿಗೆ ಕೊಟ್ಟು ಹೊಸದು ತರುವುದು. ನಾನು ಒಪ್ಪಿದೆ. ಕೊಟ್ಟ ಮಾತಿಗೆ ತಪ್ಪುವ ಅಭ್ಯಾಸ ನಮ್ಮ ತಂದೆಗೂ ಇರಲಿಲ್ಲ, ನನಗೂ ಇಲ್ಲ.

ಪತ್ತಾರನ ಭಕ್ತಿ

ಮೊದಲು ಬಂಗಾರ ಬೆಳ್ಳಿಯ ಕೆಲಸ ಮಾಡುವ ಪತ್ತಾರನ ಹತ್ತಿರ ಹೋದೆ. ನಮ್ಮ ಓಣಿಯ ಎಲ್ಲ ಮನೆಗಳಿಗೂ ಅವನೇ ಪತ್ತಾರ. ಮುಂಗೈಗೆ ಕಟ್ಟುವ ಪಟ್ಟಾ ಪೋಣಿಸಲು ಗಡಿಯಾರಕ್ಕೆ ಎರಡು ಕೊಂಡಿ ಬೇಕಾಗಿದ್ದವು. ಒಳಗಿನ ಯಂತ್ರವನ್ನು ತೆಗೆಸಿ ಬೇರೆ ಇಟ್ಟು, ಬರೀ ಬಂಗಾರದ ಕವಚವನ್ನು ಅವನ ಮುಂದೆ ಇಟ್ಟೆ.

“ಎರಡೂ ಕಡೆ ಒಂದೊಂದು ಗಟ್ಟಿ ಕೊಂಡಿ ಹಚ್ಚಿ ಕೊಡ್ರಿ. ದಿನಾ ಮೈಮ್ಯಾಲೆ ಹಾಕ್ಕೊಳ್ಳೂದೈತಿ.”

“ಹೇಳೂದ ಬ್ಯಾಡ್ರಿ ಅಕ್ಕಾರ. ತಿಳೀತು” ಎಂದ.

ತಿಳಿದದ್ದು ಏನೆಂಬುದು ಮರುದಿನ ಗೊತ್ತಾಯಿತು. ನಮ್ಮ ಮನೆಗಳಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಕರಡಿಗೆಗೆ ಎರಡು ಬದಿ ಕೊಂಡಿ, ಕೊಂಡಿಗೆ ದಾರ. ಆ ಪತ್ತಾರ ಹುಟ್ಟಿದಾಗಿನಿಂದ ಕರಡಿಗೆ ಮಾಡಿದವನು. ಎರಡೂ ಕಡೆ ಕೊಂಡಿ, ದಿನವೂ ಮೈಮೇಲೆ, ಎಂದರೆ ಅವನ ಪಾಲಿಗೆ ಲೋಕದಲ್ಲಿ ಅಂಥ ವಸ್ತು ಒಂದೇ. ಕೊಂಡಿಗಳನ್ನು ಕರಡಿಗೆಯ ಮಾದರಿಯಲ್ಲೇ ಬದಿಗೆ ಬೆಸೆದು, ತನ್ನ ಕಡೆಯಿಂದ ಹೊಸ ಬಿಳಿ ದಾರವನ್ನೂ ಕಟ್ಟಿ, ಎರಡೂ ಕೈಯಿಂದ ಕೊಟ್ಟ. ದಾರಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಯಂತ್ರವನ್ನು ಮತ್ತೆ ಕೂಡಿಸಿ ಮನೆಗೆ ತಂದೆ. ಮಾಡಿಸಿದ್ದಾಗಿದೆ, ಒಂದು ಸಲ ಹಾಕಿಯಾದರೂ ನೋಡೋಣವೆಂದು ಕೊರಳಿಗೆ ಹಾಕಿಕೊಂಡು ಸೆರಗು ಹೊದ್ದುಕೊಂಡೆ. ಅದೇ ಹೊತ್ತಿಗೆ ನಮ್ಮ ಮನೆಯವರ ಚಿಗವ್ವ, ಅಂದರೆ ಚಿಕ್ಕಮ್ಮ, ಊರಿಂದ ಬಂದರು. ಅವರಿಗೆ ಕಣ್ಣು ಅಷ್ಟಕ್ಕಷ್ಟೇ, ಆದರೆ ಕಿವಿ ಬಹಳ ಚುರುಕು. ಬಂದವರೇ ಪ್ರೀತಿಯಿಂದ ನನ್ನನ್ನು ತಬ್ಬಿಕೊಂಡರು. ತಬ್ಬಿಕೊಂಡವರು ಬಿಡಲೇ ಇಲ್ಲ. ನನ್ನ ಎದೆಗೆ ಕಿವಿಯಿಟ್ಟು ಹಾಗೆಯೇ ನಿಂತರು. ಮುಖ ಬಿಳಿಚಿಕೊಂಡಿತು.

“ಯಪ್ಪಾ, ಲಗೂ ಬಾರೋ ಇಲ್ಲೆ!” ಎಂದು ನಮ್ಮ ಮನೆಯವರನ್ನು ಕೂಗಿದರು. “ಇಕಿ ಎದಿ ಹೆಂಗ ಬಡಕೊಳ್ಳಾಕತ್ತೈತಿ ನೋಡು! ಇಂಥಾಕಿನ್ನ ನೌಕರಿಗಿ ಕಳಸ್ತಿಯಲ್ಲ, ಡಾಕ್ಟರಿಗೆ ತೋರಿಸಿಯೇನು?”

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನೂ ದಾರವನ್ನೂ ನೋಡಿದರು.

“ಅದು ಎದಿ ಅಲ್ಲ ಚಿಗವ್ವಾ” ಎಂದರು. “ಅಕಿ ಹಟ. ಮದಿವಿ ಆದಾಗಿಂದ ಹಿಂಗ ಬಡಕೊಳ್ಳಾಕತ್ತೈತಿ. ಯಾವ ಡಾಕ್ಟರ ಕಡೇನೂ ಔಷಧ ಇಲ್ಲ.”

ಟಾಂಗಾದ ಪಟ್ಟಾ

ಕೊಂಡಿ ಹೇಗಾದರೂ ಇರಲಿ, ಇವೆಯಲ್ಲ. ಇನ್ನು ಪಟ್ಟಾ ಪೋಣಿಸಿದರಾಯಿತು ಎಂದುಕೊಂಡೆ. ಅಂಗಡಿಯಲ್ಲಿ ಸಿಗುವ ಗಡಿಯಾರದ ಪಟ್ಟಾಗಳು ನನ್ನ ಗಡಿಯಾರದ ಮುಂದೆ ಹುಲ್ಲುಕಡ್ಡಿಯ ಹಾಗೆ ಕಂಡವು. ಅಷ್ಟು ಅಗಲದ ಚರ್ಮದ ಕೆಲಸ ಮಾಡುವವನು ಸ್ಟೇಷನ್ ರಸ್ತೆಯಲ್ಲಿ ಒಬ್ಬನೇ ಇದ್ದ. ಅವನು ಟಾಂಗಾ ಕುದುರೆಗಳಿಗೆ ಲಗಾಮು, ಪಟ್ಟಾ ಹೊಲಿಯುವವನು.

ನನ್ನ ಮುಂಗೈಯನ್ನು ದೂರದಿಂದಲೇ ದಿಟ್ಟಿಸಿ ಅಳತೆ ಮಾಡಿ, ಹೊಲಿದು ಕೊಟ್ಟ. ಹಿತ್ತಾಳೆಯ ಬಕ್ಕಲು, ಎರಡೆಳೆ ಹೊಲಿಗೆ.

“ಬಾಳಿಕಿ ಬರ್ತೈತೇನ್ರಿ?” ಎಂದು ಕೇಳಿದೆ.

“ಕುದರಿಗಿ ಹಾಕಿದ್ರ ಐದ ವರ್ಷ ಎಲ್ಲೂ ಹೋಗೂದಿಲ್ರಿ. ನೀವು ಅಷ್ಟ ಓಡೂದಿಲ್ಲಲ್ಲ, ಜನ್ಮ ಪೂರ್ತಿ ಬರ್ತೈತಿ.”

ಕಟ್ಟಿಕೊಂಡು ಶಾಲೆಗೆ ಹೋದೆ. ಪತ್ತಾರ ಕೊಂಡಿಗಳನ್ನು ಬದಿಗೆ ಹಚ್ಚಿದ್ದರಿಂದ ಗಡಿಯಾರ ಮುಂಗೈಯ ಮೇಲೆ ಅಡ್ಡ ಕೂತಿತ್ತು. ಹನ್ನೆರಡು ಬೆರಳ ಕಡೆಗೆ, ಆರು ಮೊಣಕೈ ಕಡೆಗೆ. ವೇಳೆ ನೋಡಬೇಕಾದರೆ ಮುಚ್ಚಳ ತೆರೆದು ಕೈಯನ್ನು ಮುಖದ ಎದುರಿಗೆ ನೆಟ್ಟಗೆ ನಿಲ್ಲಿಸಬೇಕು, ಇಲ್ಲವೇ ಕುತ್ತಿಗೆಯನ್ನು ಭುಜದ ಮೇಲೆ ಮಲಗಿಸಬೇಕು. ನಾನು ಇತಿಹಾಸದ ಪಾಠ ಹೇಳುತ್ತ ಕೈಯೆತ್ತಿದಾಗಲೆಲ್ಲ ಅದರ ಮುಚ್ಚಳಕ್ಕೆ ಬಿಸಿಲು ಬಿದ್ದು, ರೂಪಾಯಿ ಅಗಲದ ಬೆಳಕು ಗೋಡೆಯ ಮೇಲೆ ಓಡಾಡುತ್ತಿತ್ತು. ಹುಡುಗಿಯರ ತಲೆಗಳೆಲ್ಲ ಅದರ ಹಿಂದೆ ಓಡುತ್ತಿದ್ದವು. ಆ ದಿನ ಚಾಲುಕ್ಯರು ಯಾರಿಗೆ ಸೋತರು ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಷ್ಟಕ್ಕೂ ನಾನು ಬಗ್ಗುವವಳಲ್ಲ. ಒಂದು ವಾರ ಕಟ್ಟಿಕೊಂಡೇ ತಿರುಗಾಡಿದೆ. ಬಸುರಿಗೆ ಕುಬಸ ಮಾಡುತ್ತಿದ್ದ ಮನೆಯೊಂದರಲ್ಲಿ ಒಬ್ಬ ಹಿರಿಯ ಹೆಂಗಸು ಅರಿಷಿಣ ಕುಂಕುಮ ಕೊಡುತ್ತ, “ಕೈ ಯಾವಾಗ ಮುರೀತ್ರೀ ಯವ್ವಾ? ಎಲುವು ಕೂಡೇತೇನು?” ಎಂದು ಕೇಳಿದರು. ಅದನ್ನೂ ಸಹಿಸಿಕೊಂಡೆ. ಅಲ್ಲಿಂದ ಟಾಂಗಾದಲ್ಲಿ ಮುಂದಿನ ಸೀಟಿನಲ್ಲಿ ಕೂತು ಮನೆಗೆ ಹೊರಟೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಕುದುರೆ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡತೊಡಗಿತು. ಟಾಂಗಾದವನು ಚಾಬೂಕು ಬೀಸಿ ಬೀಸಿ ಬೇಸತ್ತು, ಕೊನೆಗೆ ಗಾಡಿ ನಿಲ್ಲಿಸಿದ.

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಆ ಕೈ ಒಂದೀಟು ಸೆರಗಿನಾಗ ಇಟ್ಕೋರ್ರಿ. ಇನ್ನೊಂದು ಕುದರಿ ಹೂಡೀನಿ ಅಂತ ಇದು ತಿಳಕೊಂಡೈತಿ. ತನ್ನ ಪಾಲಿನ ಜಗ್ಗೂದ ಬಿಟ್ಟೈತಿ.”

ಹುಡುಗಿಯರಿಗೆ ಒಪ್ಪಿದ ಗಡಿಯಾರ

ಈ ಸುದ್ದಿ ನಾನು ಹೇಳದೆಯೇ ಮನೆಗೆ ಮುಟ್ಟಿತು. ನಮ್ಮ ಮನೆಯವರು ಗೆಳೆಯನ ಅಂಗಡಿಯಿಂದ ಒಂದು ಹೊಸ ಲೇಡೀಸ್ ಗಡಿಯಾರವನ್ನು ತಂದು ಮೇಜಿನ ಮೇಲಿಟ್ಟರು. “ನಾಕು ದಿನಾ ಹಾಕ್ಕೊಂಡು ನೋಡು. ಪಸಂದ ಬರಲಿಲ್ಲಾಂದ್ರ ತಿರಗಿ ಕೊಡೂಣಂತ. ನಾ ಏನ್ ಜುಲುಮಿ ಮಾಡೂದಿಲ್ಲ.”

ನ್ಯಾಯವಾದ ಮಾತು. ಹಾಕಿಕೊಂಡೆ. ಹುಣಸೆ ಬೀಜದಷ್ಟು ಮುಖ. ಅಂಕಿಗಳ ಬದಲು ನಾಲ್ಕು ಚುಕ್ಕೆ. ಎರಡು ಮುಳ್ಳುಗಳು, ಯಾವುದು ದೊಡ್ಡದು ಯಾವುದು ಸಣ್ಣದು ಎಂಬುದು ಮಾಡಿದವರಿಗೇ ಗೊತ್ತು. ನೋಡಲು ಛಂದವಿತ್ತು, ಸುಳ್ಳೇಕೆ ಹೇಳಲಿ? ಬಸ್ಸಿನಲ್ಲಿ ಇಬ್ಬರು ಹೆಂಗಸರು ಹೊರಳಿ ನೋಡಿದರು.

ಆ ವಾರ ಶಾಲೆಯ ಗೋಡೆ ಗಡಿಯಾರ ದುರಸ್ತಿಗೆ ಹೋಗಿತ್ತು. ಗಂಟೆ ಬಾರಿಸಲು ಸಿಪಾಯಿಗೆ ಸನ್ನೆ ಮಾಡುವ ಕೆಲಸ ನನ್ನದಾಗಿತ್ತು. ಮಧ್ಯಾಹ್ನ ಪಾಠದ ನಡುವೆ ಕೈ ನೋಡಿಕೊಂಡೆ. ನೋಡಿದರೆ ಐದು ದಾಟಿ ಹೋಗಿದೆ! ಮಕ್ಕಳನ್ನು ಹೊತ್ತು ಮೀರಿ ಕೂಡಿಸಿಕೊಂಡೆನಲ್ಲ ಎಂದು ಗಾಬರಿಯಾಗಿ ಕಿಟಕಿಯಿಂದ ಸಿಪಾಯಿಗೆ ಸನ್ನೆ ಮಾಡಿದೆ. ಅವನು ಒಂದು ಕ್ಷಣ ಸೂರ್ಯನನ್ನು ನೋಡಿದ, ಒಂದು ಕ್ಷಣ ನನ್ನನ್ನು ನೋಡಿದ. ನಾನು ಮತ್ತೊಮ್ಮೆ ಜೋರಾಗಿ ಕೈಬೀಸಿದೆ. ಬಾರಿಸಿಬಿಟ್ಟ.

ಹುಡುಗಿಯರು ಪಾಟೀಚೀಲ ಎತ್ತಿಕೊಂಡು ಓಡಿದ ವೇಗದಲ್ಲೇ ನನಗೆ ಅನುಮಾನ ಬರಬೇಕಾಗಿತ್ತು. ಮುಖ್ಯೋಪಾಧ್ಯಾಯಿನಿಯವರು ತಮ್ಮ ಕೋಣೆಯಿಂದ ಕನ್ನಡಕ ಸರಿಪಡಿಸಿಕೊಳ್ಳುತ್ತ ಹೊರಗೆ ಬರುವ ಹೊತ್ತಿಗೆ ಅಂಗಳದಲ್ಲಿ ಧೂಳು ಮಾತ್ರ ಉಳಿದಿತ್ತು. ನಾನು ದೊಡ್ಡ ಮುಳ್ಳನ್ನು ಸಣ್ಣದೆಂದೂ ಸಣ್ಣದನ್ನು ದೊಡ್ಡದೆಂದೂ ಓದಿದ್ದೆ. ಆಗಿನ್ನೂ ಮೂರೂವರೆಯೂ ಆಗಿರಲಿಲ್ಲ.

ಮರುದಿನ ನಾನು ಮತ್ತೆ ಟಾಂಗಾದ ಪಟ್ಟಾ ಕಟ್ಟಿಕೊಂಡು ಹೋದೆ. ತರಗತಿಯ ಹೊಸ್ತಿಲಲ್ಲೇ ಹುಡುಗಿಯರು ಗುಂಪುಗೂಡಿ ನಿಂತಿದ್ದರು. ಅವರ ಮುಂದಾಳು ಒಂದು ಹೆಜ್ಜೆ ಮುಂದೆ ಬಂದು, ಬಹಳ ವಿನಯದಿಂದ ಹೇಳಿದಳು:

“ಅಕ್ಕಾರ, ನಿನ್ನಿನ ಗಡಿಯಾರ ನಿಮ್ಮ ಕೈಗಿ ಭಾಳ ಒಪ್ಪಿತ್ರಿ. ನಾವೆಲ್ಲಾರೂ ಮಾತಾಡೀವ್ರಿ. ಅದನ್ನ ಹಾಕ್ಕೊಂಡ ಬರ್ರಿ.”

ಜಂಪರಿಗೆ ಕಿಸೆ

ಸೀರೆಗೆ ಕಿಸೆ ಇಲ್ಲದಿದ್ದರೆ ರವಿಕೆಗೆ, ನಮ್ಮ ಮಾತಿನಲ್ಲಿ ಜಂಪರಿಗೆ, ಹಚ್ಚಿಸಿದರಾಯಿತಲ್ಲ! ಈ ಸರಳ ವಿಚಾರ ಮೊದಲೇ ಹೊಳೆಯಲಿಲ್ಲ ಎಂದು ನನಗೆ ಆಶ್ಚರ್ಯವಾಯಿತು. ಪತ್ತಾರ ಹಚ್ಚಿದ ಕೊಂಡಿಗಳನ್ನು ಅವನಿಂದಲೇ ತೆಗೆಸಿದೆ. ಅವನು ಬಹಳ ನೊಂದುಕೊಂಡ. ಗಡಿಯಾರ ಮೊದಲಿನ ಹಾಗೆ ದುಂಡಗೆ, ಸರಪಳಿಯೊಡನೆ ಆಯಿತು.

ನಮ್ಮ ಓಣಿಯ ಬಾಯಲ್ಲಿ ಕೂತ ಸಿಂಪಿಗ ಕಿಸೆ ಎಂಬ ಮಾತು ಕೇಳಿ ಕತ್ತರಿಯನ್ನೇ ಕೆಳಗಿಟ್ಟ.

“ಹೆಣ್ಣಮಕ್ಕಳ ಜಂಪರಿಗೆ ಕಿಸೆ ನಮ್ಮ ಅಪ್ಪನೂ ಹೊಲದಿಲ್ರಿ, ನಮ್ಮ ಅಜ್ಜನೂ ಹೊಲದಿಲ್ರಿ.”

“ನೀವು ಹೊಲೀರಿ. ಮೊದಲನೇದು ನೀವ ಅಂತ ನಾಕ ಮಂದಿ ಹೇಳ್ಲಿ.”

ಆ ಮಾತಿಗೆ ಅವನು ಕರಗಿದ. ಆದರೆ ಅವನ ಹೊಟ್ಟೆಪಾಡಿನ ಕೆಲಸವೆಂದರೆ ಬಸ್ಸಿನ ಕಂಡಕ್ಟರರ ಖಾಕಿ ಅಂಗಿ ಹೊಲಿಯುವುದು. ಅವನ ಕೈಗೆ ಬರುತ್ತಿದ್ದ ಕಿಸೆ ಒಂದೇ ನಮೂನೆಯದು: ಎದೆಯ ಮೇಲೆ, ನಡುವೆ ನಿರಿಗೆ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಹಿತ್ತಾಳೆ ಗುಂಡಿ. ನನ್ನದೇ ಕಂದು ಬಣ್ಣದ ಜಂಪರಿಗೆ ಅದನ್ನೇ ಹಚ್ಚಿಕೊಟ್ಟ. ಗಟ್ಟಿಯಾಗಿತ್ತು, ಗಡಿಯಾರ ಸರಿಯಾಗಿ ಕೂಡುತ್ತಿತ್ತು. ಸರಪಳಿಯ ತುದಿಯನ್ನು ಭುಜದ ಹತ್ತಿರ ಪಿನ್ನಿಗೆ ಸಿಕ್ಕಿಸಿದೆ. ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಕಣ್ಣಿಗೆ ಬಹಳ ಒಪ್ಪವಾಗಿಯೇ ಕಂಡಿತು.

ಅಂದು ಧಾರವಾಡದ ಬಸ್ಸು ತುಂಬಿ ತುಳುಕುತ್ತಿತ್ತು. ಬಾಗಿಲ ಹತ್ತಿರ ಕಂಬ ಹಿಡಿದು ನಿಂತೆ. ಕಂಡಕ್ಟರ ಹಿಂದೆಲ್ಲೋ ಜನರ ನಡುವೆ ಸಿಕ್ಕಿಬಿದ್ದಿದ್ದ. ಗಾಳಿಗೆ ಸೆರಗು ಜಾರಿತು. ಪಕ್ಕದಲ್ಲಿ ಜೋಳದ ಚೀಲ ಇಟ್ಟುಕೊಂಡು ನಿಂತಿದ್ದ ಮುದುಕನೊಬ್ಬ ನನ್ನ ಕಿಸೆ, ಹಿತ್ತಾಳೆ ಗುಂಡಿ, ಸರಪಳಿ ಎಲ್ಲವನ್ನೂ ಸಾವಕಾಶ ನೋಡಿ, ರುಮಾಲಿನ ಸೆರಗು ಬಿಚ್ಚಿ ಹೊಸ ಪೈಸೆಗಳನ್ನು ನನ್ನ ಮುಂದೆ ಹಿಡಿದ.

“ತಂಗೀ, ಒಂದು ಉಣಕಲ್ಲ ಟಿಕೀಟ ಹರಿ.”

“ನಾ ಕಂಡಕ್ಟರ ಅಲ್ರಿ ಅಜ್ಜಾರ.”

“ಮತ್ತ?”

“ನಾ ಹೈಸ್ಕೂಲಿನಾಗ ಕಲಸ್ತೀನಿ. ಬಿ.ಎ. ಆಗೇನಿ.”

ಅಜ್ಜ ನನ್ನ ಕಿಸೆಯನ್ನು ಇನ್ನೊಮ್ಮೆ ನೋಡಿದ. ಅವನ ಕಣ್ಣಲ್ಲಿ ಕರುಣೆ ತುಂಬಿತು. ಬಸ್ಸಿಗೆಲ್ಲ ಕೇಳುವ ಹಾಗೆ ಸಮಾಧಾನ ಹೇಳಿದ:

“ಅದಕ್ಯಾಕ ನಾಚತಿ ತಂಗೀ? ಕಲತಾವ್ರಿಗೂ ಸಿಕ್ಕ ನೌಕರಿ ಮಾಡೂ ಕಾಲ ಬಂದೈತಿ. ದುಡದು ತಿನ್ನಾಕ ಏನ್ ನಾಚಿಕಿ? ಹರಿ ಟಿಕೀಟ.”

ಪಾಡ್ಯದ ದಿನ

ಹೀಗೆ ಪಾಡ್ಯ ಬಂದೇಬಿಟ್ಟಿತು. ಗಡಿಯಾರವನ್ನು ನಗೆಗೀಡಾಗದೆ ಮೈಮೇಲೆ ಹಾಕಿಕೊಳ್ಳುವ ಒಂದು ದಾರಿಯೂ ಸಿಕ್ಕಿರಲಿಲ್ಲ. ಮಾತು ಮಾತೇ. ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ, ಇಳಕಲ್ ಸೀರೆ ಉಟ್ಟು, ಗಡಿಯಾರವನ್ನು ಅದರ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಯವರ ಜೊತೆ ದುರ್ಗದಬೈಲಿಗೆ ಹೊರಟೆ. ದಾರಿಯಲ್ಲಿ ಅವರು ಗೆದ್ದ ಮನುಷ್ಯನ ಸೌಜನ್ಯದಿಂದ ಮಾತಾಡುತ್ತಿದ್ದರು. ತಂದೆಯ ಅಂಗೈಯಿಂದ ನನ್ನ ಅಂಗೈಗೆ ಬಂದ ವಸ್ತುವನ್ನು ಇಷ್ಟು ವರ್ಷದ ಮೇಲೆ ನಾನೇ ಕೈಯಾರೆ ಕೊಟ್ಟು ಬರಬೇಕಾಗಿತ್ತು.

ಅಂಗಡಿಯಲ್ಲಿ ಲಕ್ಷ್ಮೀ ಪೂಜೆಯ ಗದ್ದಲ. ಬಾಳೆಕಂಬ, ಚೆಂಡುಹೂವು, ಊದುಬತ್ತಿಯ ಹೊಗೆ, ಗಾದಿಯ ಮೇಲೆ ಗೆಳೆಯ ವ್ಯಾಪಾರಿಗಳು. ಅಂಗಡಿಯ ಸಾಹುಕಾರ ನಮ್ಮನ್ನು ಕೂಡಿಸಿ ಪೇಡೆ ಕೊಟ್ಟು, ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಬಂಗಾರ ಛಲೋ ಐತ್ರಿ ವೈನಿ. ಮ್ಯಾಲಿನ ಕವಚ ಕರಗಸಾಕ ಬರ್ತೈತಿ. ಒಳಗಿನ ಮಷಿನ್ ಬಿಚ್ಚಿ ಬಿಡಿಭಾಗಕ್ಕ ಇಟ್ಕೋತೀನಿ.”

ಕರಗಿಸುವ ಮಾತು ನನಗೆ ಗೊತ್ತಿರಲಿಲ್ಲ. ಯಾರೋ ಒಬ್ಬರು ಅದನ್ನು ಕೊಂಡು ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದಷ್ಟೇ ತಿಳಿದಿದ್ದೆ. ಮುಚ್ಚಳದ ಮೇಲಿನ ಬಳ್ಳಿ ಮೂಸೆಯಲ್ಲಿ ಕರಗುವುದು ನನ್ನ ಕಣ್ಣೆದುರಿಗೆ ಬಂತು. “ಏನ್ರಿ” ಎಂದು ನಮ್ಮ ಮನೆಯವರ ಕಡೆ ತಿರುಗಿದೆ. ಅಷ್ಟರಲ್ಲಿ ಅವರು ಹೆಗಲ ಮೇಲಿನ ಶಲ್ಯ ತೆಗೆದು ತಮ್ಮ ಬಲಗೈ ಮೇಲೆ ಹಾಸಿಯಾಗಿತ್ತು.

ಇದು ಅರಳೆ ಪೇಟೆಯ ಪದ್ಧತಿ. ನಾಲ್ಕು ಜನರ ನಡುವೆ ಬೆಲೆ ಬಾಯಿಂದ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಒಂದು ಬೆರಳಿಗೆ ಒಂದು, ಮುಷ್ಟಿಗೆ ಐದು; ಬಿಟ್ಟು ಮತ್ತೆ ಹಿಡಿದರೆ ಬೆಲೆ ಏರಿಸಿದ ಹಾಗೆ. ಆ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಬಾರದು. ಮುಖದಲ್ಲಿ ಗುಟ್ಟು ಕಾಣುತ್ತದೆಂದು ಮಾಡು ನೋಡುತ್ತಲೋ ಬೀದಿ ನೋಡುತ್ತಲೋ ಕೂಡುತ್ತಾರೆ. ಒಮ್ಮೆ “ಕೊಟ್ಟೆ” ಎಂದರೆ ಮುಗಿಯಿತು. ಬ್ರಹ್ಮ ಬಂದರೂ ತಿರುಗಿಸುವಂತಿಲ್ಲ. ಗಡಿಯಾರದ ಅಂಗಡಿಯಲ್ಲಿ ಇದರ ಅಗತ್ಯವೇನೂ ಇರಲಿಲ್ಲ. ಆದರೆ ನಮ್ಮ ಮನೆಯವರಿಗೆ ಶಲ್ಯ ಹಾಸದೆ ವ್ಯಾಪಾರ ಮಾಡಿದರೆ ವ್ಯಾಪಾರ ಮಾಡಿದ ಹಾಗೇ ಆಗುವುದಿಲ್ಲ. ಸಾಹುಕಾರನೂ ಮೊದಲು ಅರಳೆಯವನೇ. ಶಲ್ಯದೊಳಗೆ ಕೈ ಹಾಕಿದ.

ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತರು. ನಮ್ಮ ಮನೆಯವರ ದೃಷ್ಟಿ ಮಾಡಿನ ಜಂತಿಯ ಮೇಲೆ. ಶಲ್ಯ ಮಾತ್ರ ಇಲಿ ಹೊಕ್ಕ ಹಾಗೆ ಅತ್ತಿತ್ತ ಅಲ್ಲಾಡುತ್ತಿತ್ತು. ನಡುನಡುವೆ ನಮ್ಮ ಮನೆಯವರು “ಊಹೂಂ” ಎನ್ನುತ್ತಿದ್ದರು. ಒಂದು “ಹೂಂ” ಎಂದರೆ ಅಪ್ಪನ ಗಡಿಯಾರ ಮೂಸೆಗೆ.

ಅಷ್ಟರಲ್ಲಿ ಪೂಜೆ ಮುಗಿದು ಆರತಿಯ ತಟ್ಟೆ ಬಂತು. ಸಾಹುಕಾರ ಸದ್ದಿಲ್ಲದೆ ಶಲ್ಯದಿಂದ ಕೈ ತೆಗೆದು ಆರತಿ ತೆಗೆದುಕೊಳ್ಳಲು ಎದ್ದ. ನಮ್ಮ ಮನೆಯವರಿಗೆ ಗೊತ್ತಾಗಲಿಲ್ಲ. ಅವರು ಪದ್ಧತಿಗೆ ತಪ್ಪುವವರಲ್ಲ, ಜಂತಿಯನ್ನೇ ನೋಡುತ್ತಿದ್ದರು. ಶಲ್ಯದೊಳಗೆ ಅವರ ಕೈ ಒಂದೇ ಕಾಯುತ್ತಿತ್ತು.

ನಾನು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡೆ. ಶಲ್ಯದೊಳಗೆ ಕೈ ಹಾಕಿದೆ. ಮುಷ್ಟಿಯಲ್ಲಿ ಅವರ ಐದೂ ಬೆರಳು ಹಿಡಿದೆ.

ಅವರ ಹುಬ್ಬು ಸ್ವಲ್ಪ ಮೇಲೇರಿತು. ದೃಷ್ಟಿ ಕದಲಲಿಲ್ಲ. “ಊಹೂಂ” ಎಂದರು, ಆದರೆ ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಬಿಟ್ಟೆ. ಮತ್ತೆ ಹಿಡಿದೆ. ಇನ್ನೂ ಬಿಗಿಯಾಗಿ.

ಗಂಟಲು ಸರಿಪಡಿಸಿಕೊಂಡರು. ಮೀಸೆಯ ಕೆಳಗೆ ಒಂದು ನಗೆ ಸುಳಿದು ಹೋಯಿತು. ಇಂಥ ಬೆಲೆ ಅವರ ಕನಸಿನಲ್ಲೂ ಇರಲಿಲ್ಲ. ಗೆಳೆಯನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನಾನು ಮೂರನೆಯ ಸಲ, ಬೆರಳಿನ ಎಲುಬು ಲಟಕ್ಕೆನ್ನುವ ಹಾಗೆ ಹಿಡಿದೆ.

“ಆತು!” ಎಂದು ಜಂತಿಗೆ ಕೇಳುವಂತೆ ಕೂಗಿದರು. “ಕೊಟ್ಟೆ!”

ಗಾದಿಯ ಮೇಲಿದ್ದವರೆಲ್ಲ ಹೊರಳಿ ನೋಡಿದರು. ನಮ್ಮ ಮನೆಯವರು ಗೆದ್ದ ಮುಖದಿಂದ ದೃಷ್ಟಿ ಕೆಳಗಿಳಿಸಿದರು. ಎದುರಿಗೆ ಸಾಹುಕಾರ ನಿಂತಿದ್ದ. ಅವನ ಎರಡೂ ಕೈಗಳು ಆರತಿಯ ಮೇಲಿದ್ದವು.

ಅವರು ಆ ಎರಡು ಕೈ ನೋಡಿದರು. ಆಮೇಲೆ ತಮ್ಮ ಕೈಯನ್ನು ಇನ್ನೂ ಬಿಡದೆ ಹಿಡಿದುಕೊಂಡಿದ್ದ ಶಲ್ಯವನ್ನು ನೋಡಿದರು. ಆಮೇಲೆ ಶಲ್ಯದ ಇನ್ನೊಂದು ತುದಿಯಲ್ಲಿ ಕೂತಿದ್ದ ನನ್ನನ್ನು ನೋಡಿದರು.

“ಇದು ವ್ಯಾಪಾರ ಅಲ್ಲ!” ಎಂದರು.

“ಯಾಕಲ್ರಿ?” ಎಂದೆ. “ನೀವು ಅಂಗಡಿಗಿ ತಂದ್ರಿ, ನಾ ಹೆಚ್ಚಿನ ಬೆಲಿ ಹಿಡದೆ, ನೀವು ಕೊಟ್ಟೆ ಅಂದ್ರಿ. ಪಾಡ್ಯಾದ ದಿನಾ ಕೊಡತೇನಿ ಅಂತ ನಾ ಹೇಳಿದ ಮಾತೂ ಉಳೀತು.”

“ಅಕಿ ನನ್ನ ಹೇಣತಿ ಅದಾಳ್ರೋ!” ಎಂದು ಗಾದಿಯ ಮೇಲಿದ್ದವರ ಕಡೆ ತಿರುಗಿದರು.

ಸಾಹುಕಾರ ಆರತಿಯನ್ನು ಕಣ್ಣಿಗೊತ್ತಿಕೊಂಡು, ಗಡಿಯಾರವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ನನ್ನ ಮುಂದಿಟ್ಟ. “ಇರಲಿ ಬಿಡಪಾ. ಗಿರಾಕಿ ಅಂದ್ರ ಗಿರಾಕಿ. ಅರಿವಿ ಬುಡಕ ಕೊಟ್ಟೆ ಅಂದ ಮ್ಯಾಲೆ ಇಷ್ಟ ಮಂದಿ ಸಾಕ್ಷಿ ಐತಿ. ವೈನಿ, ಮಾಲು ನಿಮ್ಮದು.”

“ತಗೊಂಡು ಏನ್ ಮಾಡತಿ?” ಎಂದರು ನಮ್ಮ ಮನೆಯವರು, ಬೆರಳು ತಿಕ್ಕಿಕೊಳ್ಳುತ್ತ. “ಮೈಮ್ಯಾಲೆ ಹಾಕ್ಕೊಳ್ಳಾಕ ಬರೂದಿಲ್ಲಲ್ಲ!”

“ಹಾಕ್ಕೊಳ್ಳೂದಿಲ್ಲ. ಕ್ಲಾಸಿನಾಗ ಮೇಜಿನ ಮ್ಯಾಲೆ ಮುಚ್ಚಳ ತೆರದು ಇಡತೇನಿ. ನಮ್ಮ ಅಪ್ಪ ಕಚೇರ್‍ಯಾಗ ಹಂಗ ಇಡತಿದ್ರು. ಕೊಂಡಿ ಇಲ್ಲ, ಪಟ್ಟಾ ಇಲ್ಲ, ಕಿಸೆನೂ ಇಲ್ಲ.”

ಸಾಹುಕಾರನಿಗೆ ನಗು ತಡೆಯಲಿಲ್ಲ. ಗೆಳೆಯನ ಹೆಗಲ ಮೇಲೆ ಶಲ್ಯವನ್ನು ತಾನೇ ಹೊದಿಸುತ್ತ ಕೇಳಿದ: “ಅಲ್ಲೋ ಮಾರಾಯಾ, ಇಷ್ಟ ವರ್ಷ ಸಂಸಾರ ಮಾಡಿದಿ. ನಿನ್ನ ಹೇಣತಿ ಕೈ ನಿನಗ ಗುರ್ತ ಹತ್ತಲಿಲ್ಲೇನು?”

ನಮ್ಮ ಮನೆಯವರು ನೊಂದ ಬೆರಳುಗಳನ್ನು ಎಲ್ಲರೆದುರಿಗೆ ಎತ್ತಿ ಹಿಡಿದರು.

“ಗುರ್ತ ಹೆಂಗ ಹತ್ತಬೇಕೋ? ಮನ್ಯಾಗ ಅಕಿ ಕೈ ಮುಂದ ಬಂತಂದ್ರ ರೊಕ್ಕಾ ಇಸಗೊಳ್ಳಾಕ ಬರ್ತೈತಿ. ಹೆಚ್ಚಿಗಿ ಕೊಡತೇನಿ ಅಂತ ಬಂದದ್ದು ಇವತ್ತ ಮೊದಲು!”